ಹಿಂದಿನ ಬ್ರೇಕು ಕಿರುಚಿದರೆ

ಮೊಗಾ, ಬ್ರೇಕ್ ತುಳಿದಾಗಲೆಲ್ಲ ಹಿಂದಿನ ಚಕ್ರ ಕಿರ್ರೆನ್ನುತ್ತದೆ, ಮನೆ ಮುಂದೆಯೇ ಬಿಚ್ಚಿ ನೋಡಲೇ ಎಂದು ಕೇಳಿದೆಯಲ್ಲ, ಧಾರಾಳವಾಗಿ ನೋಡು. ಒಡೆಯರಪಾಳ್ಯದಲ್ಲಿದ್ದುಕೊಂಡು ಪ್ರತಿ ಸದ್ದಿಗೂ ಹನೂರಿಗೋ ಕೊಳ್ಳೇಗಾಲಕ್ಕೋ ಓಡುವುದಕ್ಕಾಗುವುದಿಲ್ಲ. ಆದರೆ ಪಾನಾ ಹಿಡಿಯುವ ಮುಂಚೆ ಆ ಸದ್ದು ಯಾವ ಜಾತಿಯದು ಅಂತ ಕಿವಿಗೊಟ್ಟು ಕೇಳು.

ಮಳೆ, ಇಬ್ಬನಿ ಬಿದ್ದ ಮಾರನೆಯ ಬೆಳಗ್ಗೆ ಕಿರುಚಿ, ನಾಲ್ಕಾರು ಸಲ ಬ್ರೇಕ್ ಹಾಕಿದ ಮೇಲೆ ಸುಮ್ಮನಾದರೆ ಅದು ಡ್ರಮ್ಮಿನ ಮೇಲೆ ಕೂತ ತೆಳು ತುಕ್ಕು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ. ಗಾಡಿ ಓಡಿದ ಮೇಲೂ ಕಿರುಚುತ್ತಿದ್ದರೆ ಬಿಚ್ಚಿ ನೋಡು. ಗರಗರ ಅಂತ ಕಬ್ಬಿಣ ಕಬ್ಬಿಣಕ್ಕೆ ಉಜ್ಜುವ ಸದ್ದು ಬಂದರೆ, ಪೆಡಲ್ ಒಳಕ್ಕೆ ಇಳಿದುಹೋದರೆ, ಚಕ್ರದ ಒಳಮೈ ಒದ್ದೆಯಾಗಿದ್ದರೆ ಗಾಡಿಯನ್ನು ಓಡಿಸಲೇಬೇಡ. ಮೆಕ್ಯಾನಿಕ್ಕನನ್ನೇ ಮನೆಗೆ ಕರೆಸು.

ನಮ್ಮ ಕಡೆ ಓಡಾಡುವ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದೆ ಡಿಸ್ಕ್, ಹಿಂದೆ ಡ್ರಮ್. ಡ್ರಮ್ಮಿನೊಳಗೆ ಅರ್ಧಚಂದ್ರದ ಹಾಗಿರುವ ಎರಡು ಶೂ ಅಗಲಿಕೊಂಡು ಅದರ ಒಳಮೈಯನ್ನು ಒತ್ತಿಹಿಡಿಯುತ್ತವೆ. ಮಣ್ಣು ರಸ್ತೆಯ ದೂಳು, ಲೈನಿಂಗ್ ಸವೆದ ಪುಡಿ ಎರಡೂ ಒಳಗೇ ಕೂರುತ್ತವೆ. ಶೂ ಕೂರುವ ತಗಡಿನ ಮೇಲಿನ ಗ್ರೀಸು ಒಣಗುತ್ತದೆ. ಲೈನಿಂಗ್ ಕಾದು ಕಾದು ಗಾಜಿನಂತೆ ಹೊಳೆಯತೊಡಗುತ್ತದೆ. ಆಗ ಶೂ ಹಿಡಿದು ಜಾರಿ, ಹಿಡಿದು ಜಾರಿ ನಡುಗುತ್ತದೆ. ಆ ನಡುಕವೇ ನಿನಗೆ ಕೇಳುವ ಕಿರುಚಾಟ.

ಗಾಡಿಯನ್ನು ಮಟ್ಟಸವಾದ, ಗಟ್ಟಿ ನೆಲದಲ್ಲಿ ನಿಲ್ಲಿಸು. ಹ್ಯಾಂಡ್ ಬ್ರೇಕ್ ಬಿಟ್ಟರೇ ಡ್ರಮ್ ಬರುವುದು. ಅದಕ್ಕೇ ಮುಂದಿನ ಎರಡೂ ಚಕ್ರಗಳ ಹಿಂದೆ ಮುಂದೆ ಕಲ್ಲೋ ಮರದ ತುಂಡೋ ಕೊಡು, ಗೇರಿನಲ್ಲಿ ನಿಲ್ಲಿಸು. ಓಮ್ನಿ, ಬೊಲೆರೊದಂಥ ಗಾಡಿಗಳಲ್ಲಿ ಎಂಜಿನ್ ತಿರುಗಿಸುವುದು ಹಿಂದಿನ ಚಕ್ರವನ್ನು. ಅದನ್ನೇ ಎತ್ತಿದ ಮೇಲೆ ಗೇರು ಗಾಡಿಯನ್ನು ಹಿಡಿಯುವುದಿಲ್ಲ, ಕಲ್ಲೇ ಗತಿ. ವೀಲ್ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿ ಆಮೇಲೆ ಜಾಕಿ ಹಾಕು. ಜಾಕಿಯೊಂದನ್ನೇ ನೆಚ್ಚಬೇಡ, ಕಬ್ಬಿಣದ ಸ್ಟ್ಯಾಂಡ್ ಕೊಡು. ಹಾಲೋ ಬ್ಲಾಕ್, ಇಟ್ಟಿಗೆ ಇಡುವುದು ಬೇಡ, ಭಾರಕ್ಕೆ ಹಠಾತ್ತನೆ ಪುಡಿಯಾಗುತ್ತವೆ.

ಎಷ್ಟೋ ಕಾರುಗಳ ಡ್ರಮ್ಮಿನಲ್ಲಿ ಮರೆ (ಥ್ರೆಡ್) ಇರುವ ಎರಡು ತೂತುಗಳಿರುತ್ತವೆ. ಹೊಂದುವ ಬೋಲ್ಟು ಹಾಕಿ ಎರಡನ್ನೂ ಸಮವಾಗಿ ತಿರುಗಿಸಿದರೆ ಡ್ರಮ್ ಈಚೆ ಬರುತ್ತದೆ. ನಡುವೆ ದೊಡ್ಡ ನಟ್ಟು, ಬೇರಿಂಗ್ ಇರುವ ಮಾದರಿಯಾದರೆ ಕೈಹಾಕಬೇಡ. ಡ್ರಮ್ ಬಿಚ್ಚಿದ ಮೇಲೆ ಯಾರೂ ಪೆಡಲ್ ತುಳಿಯಕೂಡದು, ವೀಲ್ ಸಿಲಿಂಡರಿನ ಪಿಸ್ಟನ್ ಹೊರಗೆ ಬಂದುಬಿಡುತ್ತದೆ. ಒಳಗಿನ ಪುಡಿಯನ್ನು ಬಾಯಿಂದ ಊದಬೇಡ, ಗಾಳಿ ಹೊಡೆಯಲೂ ಬೇಡ. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ಬ್ರೇಕ್ ಕ್ಲೀನರ್ ಸಿಂಪಡಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆ. ಸೀಮೆಎಣ್ಣೆ, ಡೀಸೆಲ್ ಹತ್ತಿರ ಸುಳಿಯಬಾರದು.

ಕಲ್ನಾರು ಇಲ್ಲದ ಲೈನಿಂಗ್ ಹೊಳೆಯುತ್ತಿದ್ದರೆ 80ನೇ ನಂಬರಿನ ಉಪ್ಪುಕಾಗದದಲ್ಲಿ ಹಗುರವಾಗಿ ಉಜ್ಜು, ಮೇಲ್ಮೈ ಮಂಕಾದರೆ ಸಾಕು. ದಪ್ಪ 1 ಮಿಲಿಮೀಟರಿನ ಹತ್ತಿರ ಬಂದಿದ್ದರೆ, ಬಿರುಕು ಬಿಟ್ಟಿದ್ದರೆ, ಎಣ್ಣೆ ಹೀರಿದ್ದರೆ ಉಜ್ಜಿ ಫಲವಿಲ್ಲ. ಎರಡೂ ಚಕ್ರಕ್ಕೆ ಹೊಸ ಶೂ ಹಾಕಿಸು, ಒಂದೇ ಕಡೆ ಬದಲಿಸಿದರೆ ಬ್ರೇಕ್ ಹಾಕಿದಾಗ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಶಾಖ ತಡೆಯುವ ಗ್ರೀಸನ್ನು ತಗಡಿಗೆ ಶೂ ತಾಗುವ ಉಬ್ಬುಗಳಿಗೆ ಮಾತ್ರ, ಬೆರಳ ತುದಿಯಷ್ಟು ಹಚ್ಚು. ಲೈನಿಂಗಿಗೆ ತಗುಲಿದರೆ ಬ್ರೇಕೇ ಹಿಡಿಯದು. ಸ್ಪ್ರಿಂಗ್ ಬಿಚ್ಚಬೇಕಾದರೆ ಒಂದು ಕಡೆಯದನ್ನು ಮುಗಿಸಿಯೇ ಇನ್ನೊಂದಕ್ಕೆ ಹೋಗು. ಮರೆತರೆ ನೋಡಿಕೊಳ್ಳಲು ಆ ಕಡೆಯದು ಇರುತ್ತದೆ. ಡ್ರಮ್ಮಿನ ಒಳಗೆ ಗೀರು ಆಳವಾಗಿದ್ದರೆ ಲೇತಿಗೆ ಕೊಡಬಹುದು. ಎಷ್ಟು ಅಗಲದವರೆಗೆ ಸವೆಯಬಹುದೆಂಬ ಮಿತಿ ಸಾಮಾನ್ಯವಾಗಿ ಡ್ರಮ್ಮಿನ ಮೇಲೇ ಇರುತ್ತದೆ, ಅದನ್ನು ದಾಟಿದ್ದು ಗುಜರಿಗೆ.

ಸಿಲಿಂಡರಿನ ರಬ್ಬರ್ ಮುಚ್ಚಳ ಎತ್ತಿ ನೋಡು. ಒಳಗೆ ಒದ್ದೆಯಿದ್ದರೆ ನಿನ್ನ ಕೆಲಸ ಅಲ್ಲಿಗೆ ಮುಗಿಯಿತು, ಮುಂದಿನದು ಮೆಕ್ಯಾನಿಕ್ಕನದು. ಎಲ್ಲ ಸರಿಯಿದ್ದು ಜೋಡಿಸಿದರೆ, ಹೊರಡುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೆ ತುಳಿ. ಅಂಗಳದಲ್ಲಿ ನಿಧಾನವಾಗಿ ಓಡಿಸಿ, ನಿಲ್ಲಿಸಿ ನೋಡಿಯೇ ರಸ್ತೆಗಿಳಿ.

ಇಷ್ಟು ಮಾಡಿದರೂ ಮಾದಪ್ಪನ ಬೆಟ್ಟಕ್ಕೆ ಹೋಗಿಬಂದ ಮೇಲೆ ಮತ್ತೆ ಕಿರುಚಿದರೆ ತಪ್ಪು ಶೂವಿನದಲ್ಲ, ಕಾಲಿನದಿರಬಹುದು. ತಾಳುಬೆಟ್ಟದ ಕಡೆಗೆ ಇಳಿಯುವಾಗ ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಬಂದರೆ ಮುಚ್ಚಿದ ಡ್ರಮ್ಮಿನೊಳಗಿನ ಶಾಖ ಬೇಗ ಹೊರಗೆ ಹೋಗದೆ ಲೈನಿಂಗ್ ಸುಡುತ್ತದೆ. ಬ್ರೇಕು ತೀರಾ ಕಾದರೆ ಎಷ್ಟು ತುಳಿದರೂ ಹಿಡಿಯದೆ ಹೋಗಬಹುದು. ಹತ್ತುವಾಗ ಬೇಕಾದ ಗೇರಿನಲ್ಲೇ ಇಳಿ. ಬ್ರೇಕನ್ನು ಒತ್ತಿ, ಬಿಟ್ಟು, ಮತ್ತೆ ಒತ್ತು. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್ಲಿಗೆ ಹಾಕಿ ಇಳಿಯುವ ಚಾಳಿಯನ್ನಂತೂ ಇವತ್ತೇ ಬಿಡು.

ಸದ್ದು ಅಡಗಿತೆಂದು ಬೀಗಬೇಡ, ಯಾಕೆ ಬಂತೆಂದು ತಿಳಿದುಕೋ. ಅನುಮಾನ ಒಂದಿಷ್ಟು ಉಳಿದರೂ ಬಲ್ಲವರಿಗೆ ತೋರಿಸು. ಬ್ರೇಕಿನ ವಿಷಯದಲ್ಲಿ ಬಿಗುಮಾನ ಬೇಡಪ್ಪ.