ನೀರಿಗೆ ಬಿದ್ದ ಮಗುವಿಗೆ ಮೊದಲು ಉಸಿರು

ಕೆರೆ, ಬಾವಿ, ಕಾಲುವೆಗಳು ನಮ್ಮ ಹಳ್ಳಿಗಳಿಗೆ ಹೊಸವಲ್ಲ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಮಳೆಯಾಶ್ರಿತ ಸೀಮೆಯ ಹೊಲಗಳಲ್ಲಿಯೂ ಕೃಷಿ ಹೊಂಡಗಳು ಕಾಣಿಸಿಕೊಂಡಿವೆ. ಬೆಳೆಗೆ ಇವು ವರವೇ ಸರಿ. ಆದರೆ ಹೊಂಡದ ಇಳಿಜಾರಿಗೆ ಹಾಸಿದ ಪ್ಲಾಸ್ಟಿಕ್ ಹಾಳೆಯು ತೇವವಾದಾಗ ಬಲು ಜಾರುತ್ತದೆ. ಈಜು ಬಲ್ಲವರಿಗೂ ಮೇಲೇರುವುದು ಕಷ್ಟ. ಇನ್ನು ಮಗುವಿನ ಪಾಡೇನು? ಹೊಂಡದ ಸುತ್ತ ತಂತಿಬೇಲಿ ಹಾಕುವುದು, ದಡದ ಗೂಟಕ್ಕೆ ಗಂಟುಗಳುಳ್ಳ ಹಗ್ಗವನ್ನು ಕಟ್ಟಿ ನೀರಿಗೆ ಇಳಿಬಿಡುವುದು ಅತ್ಯವಶ್ಯಕ. ಇಷ್ಟಾದರೂ ಅವಘಡ ಸಂಭವಿಸಿದರೆ ತಾಯಿತಂದೆಗಳು ಏನು ಮಾಡಬೇಕೆಂಬುದೇ ಈ ಪಾಠದ ವಿಷಯ.

ವಯಸ್ಕರಲ್ಲಿ ಅನೇಕ ವೇಳೆ ಹೃದಯವು ಹಠಾತ್ತನೆ ನಿಂತು, ಆನಂತರ ಉಸಿರು ನಿಲ್ಲುತ್ತದೆ. ಮಕ್ಕಳಲ್ಲಿ ಬಹುಮಟ್ಟಿಗೆ ಇದರ ವಿಪರೀತ. ಮೊದಲು ಉಸಿರು ಕಟ್ಟುತ್ತದೆ; ರಕ್ತದಲ್ಲಿ ಆಮ್ಲಜನಕವು ಕುಂದುತ್ತಾ ಬಂದು, ಹೃದಯವು ಮಂದವಾಗಿ ಕಡೆಗೆ ನಿಲ್ಲುತ್ತದೆ. ನೀರಿನಲ್ಲಿ ಮುಳುಗಿದ ಮಗುವಿನಲ್ಲಿ ನಡೆಯುವುದೂ ಇದೇ. ಆದುದರಿಂದ ಅದಕ್ಕೆ ಬೇಕಾದ ಮೊದಲ ಔಷಧಿ ಗಾಳಿ. ಆಮ್ಲಜನಕವಿಲ್ಲದೆ ನಾಲ್ಕೈದು ನಿಮಿಷ ಕಳೆದರೆ ಮೆದುಳಿಗೆ ಹಾನಿಯಾಗತೊಡಗುತ್ತದೆ. 108 ಆಂಬ್ಯುಲೆನ್ಸ್ ಸೇವೆಯು ನಮ್ಮ ರಾಜ್ಯದಲ್ಲಿ 2008ರಿಂದ ಇದೆ. ಆದರೆ ಎಷ್ಟೇ ವೇಗವಾಗಿ ಬಂದರೂ ಹೊಲದ ದಾರಿ ಹಿಡಿದು ನಾಲ್ಕು ನಿಮಿಷದೊಳಗೆ ತಲುಪುವುದು ದುಸ್ಸಾಧ್ಯ. ಆ ನಾಲ್ಕು ನಿಮಿಷ ಸ್ಥಳದಲ್ಲಿದ್ದವರ ಪಾಲಿನದು.

ಈ ಅಮೂಲ್ಯ ಕಾಲವು ವ್ಯರ್ಥವಾಗುವ ಬಗೆ ಶೋಚನೀಯವಾದುದು. ಮಗುವನ್ನು ಕಾಲು ಹಿಡಿದು ತಲೆಕೆಳಗಾಗಿ ತಿರುಗಿಸುವುದು, ಹೊಟ್ಟೆ ಅದುಮಿ ನೀರು ಕಕ್ಕಿಸುವುದು ಹಲವೆಡೆ ರೂಢಿಯಲ್ಲಿವೆ. ಹೊಟ್ಟೆಯನ್ನು ಅದುಮಿದರೆ ಉಂಡ ಅನ್ನವು ಮೇಲೆ ಬಂದು ಶ್ವಾಸನಾಳಕ್ಕೆ ಇಳಿಯುತ್ತದೆ. 2022ರಲ್ಲಿ ಬಳ್ಳಾರಿ ಜಿಲ್ಲೆಯ ಗ್ರಾಮವೊಂದರಲ್ಲಿ, ಮೊಬೈಲಿನಲ್ಲಿ ಹರಿದಾಡಿದ ಸಂದೇಶವನ್ನು ನಂಬಿ, ಮುಳುಗಿದ ಬಾಲಕನ ದೇಹವನ್ನು ಉಪ್ಪಿನ ರಾಶಿಯಲ್ಲಿ ಗಂಟೆಗಟ್ಟಲೆ ಹೂತಿಟ್ಟು ಕಾದರು. ಬಾಲಕ ಏಳಲಿಲ್ಲ. ಚರ್ಮದ ಮೇಲಿನ ಉಪ್ಪಿಗೆ ಶ್ವಾಸಕೋಶದ ನೀರನ್ನು ಹೀರುವ ಶಕ್ತಿಯಿಲ್ಲ. ಮಗುವಿನ ಪ್ರಾಣಕ್ಕೆ ಎರವಾಗುವುದು ಗಾಳಿಯ ಕೊರತೆಯೇ ಹೊರತು ಹೊಟ್ಟೆಯ ನೀರಲ್ಲ. ಸುತ್ತ ನೆರೆದ ಹಿರಿಯರು ಮಮತೆಯಿಂದಲೇ ಇಂತಹ ಸಲಹೆಗಳನ್ನು ಕೊಡುತ್ತಾರೆ. ಆ ಕ್ಷಣದಲ್ಲಿ ಅವರ ಮಾತನ್ನು ಬದಿಗಿರಿಸುವುದು ಅವಿಧೇಯತೆಯಲ್ಲ.

ಈಜು ಬಾರದವರು ನೀರಿಗೆ ಹಾರಕೂಡದು. ಹಗ್ಗ, ಬಿದಿರ ಗಳ, ಸೀರೆ, ಮುಚ್ಚಳ ಬಿಗಿದ ಖಾಲಿ ಕ್ಯಾನು, ಕೈಗೆ ಸಿಕ್ಕಿದ್ದನ್ನು ಎಸೆಯಿರಿ. ಮೇಲೆ ತಂದ ಮಗುವನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಕೂಗಿ ಕರೆದು, ಎದೆ ಏರಿಳಿಯುತ್ತಿದೆಯೇ ಎಂದು ನೋಡಿರಿ. ಇದಕ್ಕೆ ಹತ್ತು ಸೆಕೆಂಡು ಮೀರಬಾರದು. ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಬಿಕ್ಕುವುದನ್ನು ಉಸಿರಾಟವೆಂದು ಭ್ರಮಿಸಬಾರದು.

ಉಸಿರಿಲ್ಲದಿದ್ದರೆ ಹಣೆಯ ಮೇಲೆ ಒಂದು ಕೈಯಿಟ್ಟು, ಇನ್ನೊಂದು ಕೈಯ ಬೆರಳಿನಿಂದ ಗದ್ದವನ್ನು ಎತ್ತಿ, ತಲೆಯನ್ನು ತುಸು ಹಿಂದಕ್ಕೆ ಬಾಗಿಸಿರಿ. ಒಂದು ವರ್ಷದೊಳಗಿನ ಕೂಸಿನ ತಲೆಯನ್ನು ಹಿಂದಕ್ಕೆ ಬಾಗಿಸದೆ ನೆಟ್ಟಗಿಟ್ಟರೆ ಸಾಕು. ಕೂಸಿನ ಬಾಯಿ ಮತ್ತು ಮೂಗುಗಳೆರಡನ್ನೂ ನಿಮ್ಮ ಬಾಯಿಂದ ಮುಚ್ಚಿರಿ. ದೊಡ್ಡ ಮಗುವಾದರೆ ಮೂಗನ್ನು ಹಿಡಿದು ಬಾಯಿಗೆ ಬಾಯಿಯಿಟ್ಟು, ಎದೆ ಮೇಲೇಳುವಷ್ಟು ಮಾತ್ರ ಮೆಲ್ಲಗೆ ಊದಿರಿ. ಕೂಸಿಗೆ ಕೆನ್ನೆ ತುಂಬುವಷ್ಟು ಗಾಳಿ ಸಾಕು. ಎದೆ ಏಳದಿದ್ದರೆ ತಲೆಯನ್ನು ಸರಿಪಡಿಸಿ ಮತ್ತೆ ಊದಬೇಕು. ಹೀಗೆ ಮೊದಲು 2ರಿಂದ 5 ಸಲ. ಬಾಯಿಂದ ನೊರೆ ಬರುತ್ತಿದ್ದರೂ ಒರೆಸುತ್ತಾ ಕೂರದೆ ಊದಿರಿ. ವಾಂತಿಯಾದರೆ ಮಾತ್ರ ಪಕ್ಕಕ್ಕೆ ಹೊರಳಿಸಿ ಬಾಯಿಯನ್ನು ಶುಚಿಗೊಳಿಸಿರಿ.

ಅಷ್ಟಕ್ಕೂ ಮಗು ಉಸಿರಾಡದಿದ್ದರೆ ಎದೆಯನ್ನು ಒತ್ತಬೇಕು. ಎದೆಮೂಳೆಯ ಕೆಳಭಾಗದ ಮೇಲೆ ಒಂದು ಅಂಗೈಯ ಬುಡವನ್ನಿಟ್ಟು, ಎದೆಯ ದಪ್ಪದ ಮೂರರಲ್ಲೊಂದು ಭಾಗ ತಗ್ಗುವಂತೆ ಒತ್ತಿರಿ. ಕೂಸಾದರೆ ಎದೆಯನ್ನು ಎರಡೂ ಕೈಗಳಿಂದ ಬಳಸಿ ಹಿಡಿದು ಹೆಬ್ಬೆರಳುಗಳಿಂದ ಒತ್ತಿರಿ. ನಿಮಿಷಕ್ಕೆ 100ರಿಂದ 120 ಸಲದ ವೇಗವಿರಬೇಕು. 30 ಸಲ ಒತ್ತಿ 2 ಸಲ ಊದಿರಿ, ಮತ್ತೆ 30 ಸಲ ಒತ್ತಿರಿ. ಎಳೆಯ ಪಕ್ಕೆಲುಬಿಗೆ ನೋವಾದೀತೆಂಬ ಅಳುಕು ಸಹಜ. ಅಳುಕಿ ಮೆಲ್ಲಗೆ ಒತ್ತಿದರೆ ರಕ್ತವು ಮೆದುಳನ್ನು ಮುಟ್ಟುವುದಿಲ್ಲ.

ಪತಿ ಪತ್ನಿ ಇಬ್ಬರೂ ಇದ್ದರೆ ಒಬ್ಬರು ಒತ್ತಲಿ, ಇನ್ನೊಬ್ಬರು 108ಕ್ಕೆ ಕರೆ ಮಾಡಿ ಬಂದು ಊದಲಿ. ಒತ್ತುವವರ ತೋಳು ಎರಡೇ ನಿಮಿಷದಲ್ಲಿ ಸೋಲುತ್ತದೆ. ಆಗ ಕೆಲಸವನ್ನು ಅದಲುಬದಲು ಮಾಡಿಕೊಳ್ಳಿರಿ. ಒಬ್ಬರೇ ಇದ್ದು ಕೈಯಲ್ಲಿ ಫೋನಿಲ್ಲದಿದ್ದರೆ ಎರಡು ನಿಮಿಷ ಈ ಚಿಕಿತ್ಸೆ ನೀಡಿ, ಅನಂತರವೇ ನೆರವು ಕರೆಯಲು ಹೋಗಿರಿ. ಮಗು ಉಸಿರಾಡುವವರೆಗೆ, ಇಲ್ಲವೇ ಆಂಬ್ಯುಲೆನ್ಸಿನವರು ವಹಿಸಿಕೊಳ್ಳುವವರೆಗೆ ಬಿಡಬಾರದು. ಓದಿದ ಮಾತ್ರಕ್ಕೆ ಈ ಕೆಲಸ ಕೈಗೆ ಹತ್ತದು. ಇದನ್ನು ಕಲಿಸಿಕೊಡಲು ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಯನ್ನು ಸಂಕೋಚವಿಲ್ಲದೆ ಕೇಳಿರಿ.

ಮಗು ಕಣ್ತೆರೆದು ಅತ್ತರೂ ಮನೆಗೆ ಕರೆದೊಯ್ಯಕೂಡದು. ನೀರು ಹೊಕ್ಕ ಶ್ವಾಸಕೋಶವು ಕೆಲವು ಗಂಟೆಗಳ ಅನಂತರವೂ ಕೆಡಬಹುದು. ಒದ್ದೆ ಬಟ್ಟೆ ತೆಗೆದು ಕಂಬಳಿ ಹೊದಿಸಿ, ಹಾಲು ನೀರು ಏನನ್ನೂ ಕುಡಿಸದೆ ಆಸ್ಪತ್ರೆಗೆ ಒಯ್ಯಿರಿ. ಮಗುವು ಎಷ್ಟು ಹೊತ್ತು ನೀರಿನಲ್ಲಿತ್ತು, ಯಾವಾಗ ಉಸಿರಾಡಿತು ಎಂಬುದನ್ನು ವೈದ್ಯರಿಗೆ ತಿಳಿಸಿರಿ.