ಕಾಣದ ಗಾಳಿಯ ಚಿತ್ರ

ರೂಪವಿಲ್ಲದಿರುವುದು ಗಾಳಿಯ ಲಕ್ಷಣ. ಚಿತ್ರವಾದರೋ ರೂಪವನ್ನೇ ಆಶ್ರಯಿಸಿದ ಕಲೆ. ಹೀಗಿರಲು ಚಿತ್ರಕಾರನು ಗಾಳಿಯನ್ನು ಬರೆಯುವುದೆಂತು? ಜಪಾನಿನ ಕಲಾಪರಂಪರೆಯಲ್ಲಿ ಇದಕ್ಕೆ ಎರಡು ಉತ್ತರಗಳು ದೊರೆಯುತ್ತವೆ.

17ನೆಯ ಶತಮಾನದ ಪೂರ್ವಾರ್ಧದಲ್ಲಿ ತವರಾಯ ಸೋತಾತ್ಸು ಎಂಬ ಕಲಾವಿದನು ಮಡಿಸಿಡಬಹುದಾದ ಜೋಡಿ ತೆರೆಗಳ ಮೇಲೆ ವಾಯುದೇವನನ್ನೂ ಸಿಡಿಲಿನ ದೇವನನ್ನೂ ಬರೆದನು. ಕ್ಯೋಟೋ ನಗರದ ಕೆನ್ನಿನ್‌ಜಿ ಎಂಬ ಬೌದ್ಧಾಲಯಕ್ಕೆ ಸೇರಿದ ಕೃತಿಯಿದು. ಬಲಗಡೆ ಹಸುರು ಮೈಯ ವಾಯುದೇವನು ಗಾಳಿ ತುಂಬಿದ ಬಿಳಿಯ ಚೀಲವನ್ನು ಎರಡು ಕೈಗಳಲ್ಲಿಯೂ ಹಿಡಿದು ಧಾವಿಸುತ್ತಾನೆ. ಎಡಗಡೆ ಸಿಡಿಲಿನ ದೇವ. ನಡುವೆ ಬಂಗಾರದ ರೇಕಿನ ಬಯಲು. ಭಾರತದ ವಾಯುದೇವತೆಯೇ ಬೌದ್ಧಧರ್ಮದೊಡನೆ ಸಾಗಿ ಜಪಾನಿನ ದ್ವಾದಶದೇವತೆಗಳಲ್ಲಿ ‘ಫೂತೆನ್’ ಎನಿಸಿಕೊಂಡನೆಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ನೆನೆಯಬಹುದು.

ಒಗಾತ ಕೋರಿನ್ (1658–1716) ಈ ಚಿತ್ರವನ್ನು ಭಕ್ತಿಯಿಂದ ಪ್ರತಿಮಾಡಿದನು. ಅನಂತರ, 1821ರ ಸುಮಾರಿಗೆ, ಸಕಾಯಿ ಹೋಯಿತ್ಸು ಎಂಬಾತನು ಕೋರಿನ್ನನ ತೆರೆಗಳ ಹಿಂಬದಿಯಲ್ಲಿ ಬೆಳ್ಳಿಯ ರೇಕಿನ ಮೇಲೆ ಬರೆದುದಾದರೂ ಏನನ್ನು? ಬರಿಯ ಹುಲ್ಲುಗಿಡಗಳನ್ನು! ಸಿಡಿಲಿನ ದೇವನ ಬೆನ್ನಿಗೆ ಮಳೆಯ ಹೊಡೆತಕ್ಕೆ ಬಾಗಿದ ಬೇಸಗೆಯ ಸಸ್ಯಗಳು. ವಾಯುದೇವನ ಬೆನ್ನಿಗೆ ಶರತ್ಕಾಲದ ಹುಲ್ಲು. ಕಾಶತೃಣವನ್ನು ಹೋಲುವ ‘ಸುಸುಕಿ’ ಓಲಾಡಿದೆ; ‘ಕುಜು’ ಬಳ್ಳಿಯ ಎಲೆಗಳು ಮಗುಚಿ ಬಿಳಿಚಿದ ಅಡಿಮೈಯನ್ನು ತೋರಿವೆ; ಕೆಂಪಡರಿದ ಎಲೆಗಳು ಹಾರಿಹೋಗುತ್ತಿವೆ. ದೇವನಿಲ್ಲ, ಚೀಲವಿಲ್ಲ, ಗಾಳಿ ಮಾತ್ರ ಉಂಟು. ಸೋತಾತ್ಸುವಿನ ಗಾಂಭೀರ್ಯಕ್ಕೆ ಎಣೆಯಿಲ್ಲವಾದರೂ ಹೋಯಿತ್ಸುವಿನ ದೃಷ್ಟಿಯೇ ಸೂಕ್ಷ್ಮತರವಾದುದೆನ್ನಬೇಕು.

ಈ ದೃಷ್ಟಿಗೆ ಸಮೀಪವಾದ ವಿಚಾರವು ಚೀನದ ತಾವೋ ಪಂಥದಲ್ಲಿ ಬಹು ಹಿಂದೆಯೇ ಮೂಡಿತ್ತು. ಕ್ರಿ.ಪೂ. 4ನೆಯ ಶತಮಾನದ ಚುವಾಂಗ್ ತ್ಸುವಿನ ಹೆಸರಿನ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಗುರುವೊಬ್ಬನು ಶಿಷ್ಯನಿಗೆ ಮೂರು ಬಗೆಯ ಕೊಳಲುಗಳನ್ನು ಹೇಳುತ್ತಾನೆ: ಮನುಷ್ಯರದು, ನೆಲದ್ದು, ಆಕಾಶದ್ದು. ಮನುಷ್ಯರದು ಬಿದಿರಿನದು. ಕಾಡಿನ ಹೆಮ್ಮರಗಳ ಪೊಟರೆಗಳು ನೆಲದ ಕೊಳಲು. ಮೂಗಿನಂತೆ, ಬಾಯಿಯಂತೆ, ಕಿವಿಯಂತೆ ಇರುವ ಅವು ಗಾಳಿ ಬೀಸಿದಾಗ ಬೇರೆಬೇರೆಯಾಗಿ ದನಿಗೈಯುತ್ತವೆ, ನಿಂತಾಗ ಎಲ್ಲವೂ ಬರಿದು. ಆಕಾಶದ ಕೊಳಲು ಯಾವುದೆಂದರೆ, ಇವೆಲ್ಲ ತಮ್ಮತಮ್ಮಂತೆ ನುಡಿಯುವಾಗ ನುಡಿಸುವವನು ಯಾರೆಂಬ ಪ್ರಶ್ನೆಯೇ ಉತ್ತರ! ಅದೇ ಗ್ರಂಥದ ಮೊದಲನೆಯ ಅಧ್ಯಾಯದಲ್ಲಿ ಲೀ ತ್ಸು ಗಾಳಿಯನ್ನೇರಿ ಹದಿನೈದು ದಿನ ಸಂಚರಿಸಿ ಬರುತ್ತಾನೆ. ನಡೆಯುವ ಶ್ರಮ ಅವನಿಗೆ ತಪ್ಪಿತು; ಆದರೂ ಗಾಳಿಯ ಆಸರೆ ಬೇಕೇ ಆಯಿತೆಂದು ಗ್ರಂಥ ಅವನನ್ನು ಪೂರ್ಣ ಸ್ವತಂತ್ರನೆಂದು ಒಪ್ಪುವುದಿಲ್ಲ.

ಕೋರಿನ್, ಹೋಯಿತ್ಸು ಇಬ್ಬರ ಕೃತಿಗಳೂ ಈಗ ಟೋಕಿಯೋ ರಾಷ್ಟ್ರೀಯ ಸಂಗ್ರಹಾಲಯದಲ್ಲಿವೆ. ಸಂರಕ್ಷಣೆಗಾಗಿ ಹಿಂಬದಿಯನ್ನು ಮುಂಬದಿಯಿಂದ ಬಿಡಿಸಿ ಬೇರೆ ತೆರೆಗಳನ್ನಾಗಿ ಮಾಡಲಾಗಿದೆ. ಹೋಯಿತ್ಸುವಿನ ಹುಲ್ಲಿನೆದುರು ನಿಂತವನಿಗೆ ಅದರ ಬೆನ್ನಿಗಿದ್ದ ದೇವನು ಈಗ ಸಿಗುವುದಿಲ್ಲ.