ಮೊದಲು ನೀರು, ಆಮೇಲೆ ಮಾತು





*ಇಂದಿನ ಚಿಂತನೆ: ಕಾಯಿಲೆಯವರ ಹತ್ತಿರ, ಸಾಯುವವರ ಹತ್ತಿರ ಹೇಗಿರಬೇಕು?*

ಕಳೆದ ಭಾನುವಾರದ ಅಧ್ಯಯನ ಮುಗಿದ ಮೇಲೆ ಒಬ್ಬ ಅಕ್ಕ ನನ್ನನ್ನು ನಿಲ್ಲಿಸಿ ಕೇಳಿದರು: "ಟೀಚರಮ್ಮ, ತಿಥಿ ಬೇಡ, ಪಿಂಡ ಬೇಡ, ಸೂತಕ ಬೇಡ ಅಂದಿರಿ. ಎಲ್ಲಾ ಬಿಟ್ಟಿದ್ದೀವಿ. ಆದರೆ ಮನೇಲಿ ಒಬ್ಬರು ಸಾಯ್ತಾ ಮಲಗಿದ್ದಾಗ ಏನು ಮಾಡಬೇಕು ಅಂತ ಯಾರೂ ಹೇಳಲಿಲ್ಲವಲ್ಲ?" ಅವರ ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದಾರೆ. ಅಂದು ನಾನು ಸರಿಯಾದ ಉತ್ತರ ಕೊಡಲಿಲ್ಲ. ಇಂದು ಕೊಡಲು ಪ್ರಯತ್ನಿಸುತ್ತೇನೆ.

ವಿನಯ ಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಒಬ್ಬ ಭಿಕ್ಖುವಿಗೆ ವಿಪರೀತ ಭೇದಿ. ತನ್ನದೇ ಮಲಮೂತ್ರದಲ್ಲಿ ಬಿದ್ದುಕೊಂಡಿದ್ದಾನೆ. ವಸತಿಗಳನ್ನು ನೋಡುತ್ತಾ ಬಂದ ಭಗವಾನ್ ಬುದ್ಧರು ಅವನನ್ನು ಕಂಡು ಏನು ಕಾಯಿಲೆ ಎಂದು ಕೇಳುತ್ತಾರೆ. ನೋಡಿಕೊಳ್ಳುವವರು ಯಾರಾದರೂ ಇದ್ದಾರೆಯೇ ಎಂದು ಕೇಳುತ್ತಾರೆ. ಯಾರೂ ಇಲ್ಲ ಎನ್ನುತ್ತಾನೆ. ಏಕೆ ಎಂದರೆ ಅವನು ಕೊಡುವ ಕಾರಣ ಇದು: ಬೇರೆ ಭಿಕ್ಖುಗಳಿಗೆ ನನ್ನಿಂದ ಏನೂ ಉಪಯೋಗವಿಲ್ಲ, ಅದಕ್ಕೇ ಅವರು ನನ್ನನ್ನು ನೋಡುವುದಿಲ್ಲ.

ಈ ಮಾತನ್ನು ನಾವೆಲ್ಲ ನಮ್ಮ ಮನೆಯ ಹಿರಿಯರ ಬಾಯಲ್ಲಿ ಕೇಳಿದ್ದೇವೆ. "ನನ್ನಿಂದ ಇನ್ನೇನು ಉಪಯೋಗ, ಬೇಗ ಹೋದರೆ ಸಾಕು" ಎನ್ನುತ್ತಾರೆ.

ಬುದ್ಧರು ಏನು ಮಾಡಿದರು? ಪ್ರವಚನ ಕೊಡಲಿಲ್ಲ. ಆನಂದನನ್ನು ನೀರು ತರಲು ಕಳಿಸಿದರು. ಬುದ್ಧರು ನೀರು ಹಾಕಿದರು, ಆನಂದ ಮೈ ತೊಳೆದ. ಬುದ್ಧರು ತಲೆಯ ಕಡೆ ಹಿಡಿದರು, ಆನಂದ ಕಾಲಿನ ಕಡೆ ಹಿಡಿದ. ಇಬ್ಬರೂ ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಸಂಘವನ್ನು ಸೇರಿಸಿದರು. ಮಾತಾಡಿದ್ದು ಆಗ, ಅದೂ ಕಾಯಿಲೆಯವನಿಗಲ್ಲ, ಆರೋಗ್ಯವಾಗಿದ್ದವರಿಗೆ. ನಿಮಗೆ ಇಲ್ಲಿ ತಾಯಿ ಇಲ್ಲ, ತಂದೆ ಇಲ್ಲ, ನೀವೇ ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಇನ್ಯಾರು ನೋಡುತ್ತಾರೆ ಎಂಬುದು ಅವರ ಮಾತಿನ ಸಾರ. ನನ್ನ ಸೇವೆ ಮಾಡಬೇಕೆನ್ನುವವರು ಕಾಯಿಲೆಯವರ ಸೇವೆ ಮಾಡಲಿ ಎಂದೂ ಹೇಳಿದರು.

ಈ ಪ್ರಸಂಗವನ್ನು ನಾನು ಹಲವು ಸಲ ಓದಿದ್ದೆ, ವಿಹಾರದಲ್ಲಿ ಹೇಳಿಯೂ ಇದ್ದೆ. ಅರ್ಥವಾಗಿದ್ದು ಮಾತ್ರ ನಮ್ಮ ಅಪ್ಪ ಮಲಗಿದಾಗ.

ನಮ್ಮಪ್ಪ ಪೌರಕಾರ್ಮಿಕ. ಊರಿನ ಚರಂಡಿ ಎತ್ತಿ ನನ್ನನ್ನು ಎಂ.ಎ. ಓದಿಸಿದವರು. ಕೊನೆಯ ಎರಡು ತಿಂಗಳು ಅವರಿಗೆ ಎದ್ದು ಬಚ್ಚಲಿಗೆ ಹೋಗಲು ಆಗುತ್ತಿರಲಿಲ್ಲ. ಮೊದಲ ದಿನ ನಾನು ಬಿಸಿನೀರು, ಬಟ್ಟೆ ತೆಗೆದುಕೊಂಡು ಹತ್ತಿರ ಹೋದಾಗ ಅವರು ಕೈ ಅಡ್ಡ ಹಿಡಿದರು. "ಬ್ಯಾಡ ಕಣವ್ವ, ನೀ ಮುಟ್ಟಬ್ಯಾಡ. ಇದ ಮುಟ್ಟಬಾರದು ಅಂತಲೇ ಅಲ್ವಾ ನಿನ್ನ ಓದಿಸಿದ್ದು" ಅಂದರು.

ನನ್ನ ಕೈ ನಿಂತುಹೋಯಿತು. ಏಕೆಂದರೆ ಆ ಮಾತು ಸುಳ್ಳಲ್ಲ. ಇನ್ನೊಬ್ಬರ ಹೊಲಸು ಎತ್ತುವುದನ್ನು ನಮ್ಮ ಜನರ ಹಣೆಬರಹ ಎಂದು ಸಾವಿರಾರು ವರ್ಷ ಹೇಳಿದ ದೇಶ ಇದು. ಅದರಿಂದ ಬಿಡುಗಡೆ ಬೇಕೆಂದೇ ಬಾಬಾಸಾಹೇಬರು ನಮ್ಮನ್ನು ಧಮ್ಮದ ಕಡೆ ಕರೆತಂದರು. ಹಾಗಾದರೆ ನಾನು ಈಗ ಮಾಡಹೊರಟಿದ್ದು ಮತ್ತೆ ಅದೇ ಕೆಲಸವೇ?

ಬಂಧುಗಳೇ, ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ಜಾತಿ ಹೇಳಿದ್ದು: ಒಂದು ಗುಂಪಿನವರು ಎಲ್ಲರ ಹೊಲಸು ಎತ್ತಬೇಕು, ಅವರ ಹೊಲಸನ್ನು ಯಾರೂ ನೋಡುವುದಿಲ್ಲ. ಬುದ್ಧರು ಸಂಘಕ್ಕೆ ಕೊಟ್ಟ ನಿಯಮ ಇದಕ್ಕೆ ನೇರ ವಿರುದ್ಧವಾದದ್ದು. ಗುರುವಿಗೆ ಕಾಯಿಲೆಯಾದರೆ ಶಿಷ್ಯ ನೋಡಬೇಕು. ಶಿಷ್ಯನಿಗೆ ಕಾಯಿಲೆಯಾದರೆ ಗುರು ನೋಡಬೇಕು, ಅವನು ಗುಣವಾಗುವವರೆಗೂ ನೋಡಬೇಕು. ಯಾರೂ ಇಲ್ಲದವನನ್ನು ಇಡೀ ಸಂಘ ನೋಡಬೇಕು. ನೋಡದಿದ್ದರೆ ಅದು ತಪ್ಪು. ರಾಜಗೃಹದಲ್ಲಿ ಕಸ ಗುಡಿಸುತ್ತಿದ್ದ ಸುನೀತನನ್ನು ಬುದ್ಧರು ಸಂಘಕ್ಕೆ ಸೇರಿಸಿಕೊಂಡದ್ದನ್ನು ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಬರೆದಿದ್ದಾರೆ. ಈ ನಿಯಮದ ಪ್ರಕಾರ ಸುನೀತ ಕಾಯಿಲೆ ಬಿದ್ದರೆ ಶಾಕ್ಯ ಕುಲದಿಂದ ಬಂದ ಭಿಕ್ಖುವೂ ಅವನ ಮೈ ತೊಳೆಯಬೇಕು. ಬಲವಂತದಿಂದ ಒಬ್ಬರ ತಲೆಗೆ ಕಟ್ಟಿದರೆ ಅದು ಜೀತ. ಎಲ್ಲರೂ ಎಲ್ಲರಿಗೂ ಮಾಡಿದರೆ ಅದು ಕರುಣೆ.

ಇಷ್ಟೆಲ್ಲ ಅಪ್ಪನಿಗೆ ಹೇಳಲಿಲ್ಲ. "ನಾನು ಹುಟ್ಟಿದಾಗ ನೀನು ತೊಳೆದಿರಲಿಲ್ವಾ ಅಪ್ಪಾ?" ಅಂದೆ ಅಷ್ಟೇ. ಅವರು ಮುಖ ಆ ಕಡೆ ತಿರುಗಿಸಿಕೊಂಡರು. ಕೈ ಮಾತ್ರ ತೆಗೆದರು.

ಇನ್ನು ನಾನು ಮಾಡಿದ ತಪ್ಪನ್ನೂ ಹೇಳಬೇಕು. ಒಂದು ರಾತ್ರಿ ಅವರು, "ನಾ ಹೋದ ಮ್ಯಾಲೆ ಎಡೆ ಇಡ್ತೀಯಾ?" ಎಂದು ಕೇಳಿದರು. ನಾನು ಟೀಚರ್ ಅಲ್ಲವೇ, ತಕ್ಷಣ ಪಾಠ ಶುರು ಮಾಡಿದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ 6ನೆಯದು ಶ್ರಾದ್ಧ ಬೇಡ, ಪಿಂಡ ಬೇಡ ಎನ್ನುತ್ತದೆ, ಆತ್ಮ ಎಂಬುದು ಇಲ್ಲ, ಎಲ್ಲವೂ ಅನಿತ್ಯ ಎಂದು ವಿವರಿಸಿದೆ. ಅಪ್ಪ "ಹೂಂ" ಅಂದರು. ಆಮೇಲೆ ಎರಡು ದಿನ ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ.

ನಾನು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿಲ್ಲ. ಆದರೆ ಅವರು ಕೇಳಿದ್ದು ಅದನ್ನಲ್ಲ. ನಾನು ಸತ್ತ ಮೇಲೆ ನನ್ನನ್ನು ನೆನೆಯುತ್ತೀರಾ ಎಂದು ಕೇಳಿದ್ದರು. 6ನೆಯ ಪ್ರತಿಜ್ಞೆ ನೆನಪಿದ್ದ ನನಗೆ 13ನೆಯದು ನೆನಪಾಗಲಿಲ್ಲ. ಎಲ್ಲ ಜೀವಿಗಳ ಮೇಲೂ ದಯೆ ಇಡುತ್ತೇನೆ ಎಂಬ ಪ್ರತಿಜ್ಞೆ ಅದು. ಏನನ್ನು ಬಿಟ್ಟೆವು ಎಂಬುದು ನಮಗೆ ಬಾಯಿಪಾಠ. ಏನನ್ನು ಹಿಡಿದೆವು ಎಂಬುದನ್ನು ಮರೆಯುತ್ತೇವೆ.

ಆಗ ನನಗೆ ದಾರಿ ತೋರಿಸಿದ್ದು ಅಂಗುತ್ತರ ನಿಕಾಯದ ನಕುಲಮಾತೆ. ಆಕೆ ಗೃಹಿಣಿ, ನಮ್ಮ ನಿಮ್ಮ ಹಾಗೆ ಸಂಸಾರವಂದಿಗಳು. ಗಂಡ ನಕುಲಪಿತ ಸಾವಿನ ಅಂಚಿನಲ್ಲಿ ಮಲಗಿದ್ದಾನೆ. ಚಿಂತೆ ಇಟ್ಟುಕೊಂಡು ಸಾಯಬೇಡಿ ಎಂದು ಆಕೆ ಅವನಿಗೆ ಹೇಳುತ್ತಾಳೆ. ಆಮೇಲೆ ಅವನ ಚಿಂತೆಗಳನ್ನು ಒಂದೊಂದಾಗಿ ತಾನೇ ಎತ್ತಿಕೊಂಡು ಉತ್ತರಿಸುತ್ತಾಳೆ. ಮೊದಲನೆಯ ಉತ್ತರ ನಿಬ್ಬಾಣದ ಬಗ್ಗೆ ಅಲ್ಲ. ನನಗೆ ನೂಲು ತೆಗೆಯಲು ಬರುತ್ತದೆ, ಮಕ್ಕಳನ್ನು ಸಾಕುತ್ತೇನೆ, ಮನೆ ನಡೆಸುತ್ತೇನೆ ಎಂಬುದು ಮೊದಲನೆಯ ಉತ್ತರ. ತನ್ನ ಶೀಲದ ಮಾತು, ಧಮ್ಮದ ಮಾತು ಅದಾದ ಮೇಲೆ ಬರುತ್ತವೆ. ನಕುಲಪಿತ ಆ ಕಾಯಿಲೆಯಿಂದ ಚೇತರಿಸಿಕೊಂಡು ಕೋಲೂರಿಕೊಂಡು ಬುದ್ಧರ ಬಳಿ ಹೋಗುತ್ತಾನೆ. ಇಂಥ ಹೆಂಡತಿ ಸಿಕ್ಕಿದ್ದು ನಿನಗೆ ದೊಡ್ಡ ಲಾಭ ಎಂದು ಬುದ್ಧರು ಹೇಳುತ್ತಾರೆ.

ಇದನ್ನು ಓದಿ ಅಪ್ಪನ ಹತ್ತಿರ ಮತ್ತೆ ಕೂತೆ. "ಅಪ್ಪಾ, ಎಡೆ ಇಡಲ್ಲ, ಸುಳ್ಳು ಹೇಳಲ್ಲ. ಆದರೆ ವರ್ಷಾ ವರ್ಷಾ ನಿನ್ನ ದಿನ ನಮ್ಮ ಬೀದಿ ಮಕ್ಕಳಿಗೆ ನಿನ್ನ ಹೆಸರಲ್ಲಿ ನೋಟ್‌ಬುಕ್ ಕೊಡ್ತೀನಿ. ಅವ್ವ ನನ್ನ ಜೊತೆ ಇರ್ತಾಳೆ. ಸೊಸೈಟಿ ಸಾಲ ನಾನು ತೀರಿಸ್ತೀನಿ" ಅಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ರೂಲು ಹಾಕಿದ್ದು ಕೊಡು, ಮಕ್ಕಳ ಅಕ್ಷರ ನೆಟ್ಟಗೆ ಬತ್ತದೆ" ಅಂದರು.

ಅಪ್ಪ ಹೋದಾಗ ನಾನು ಪಕ್ಕದಲ್ಲಿರಲಿಲ್ಲ. ಔಷಧಿ ಅಂಗಡಿಯ ಮುಂದೆ ನಿಂತಿದ್ದೆ. ಬಹಳ ದಿನ ಅದು ನನ್ನನ್ನು ಕೊರೆಯಿತು. ಈಗ ಅನಿಸುವುದು, ಕೊನೆಯ ಉಸಿರಿನ ಹೊತ್ತಿಗೆ ಹಾಜರಿರುವುದಷ್ಟೇ ಇರುವಿಕೆಯಲ್ಲ. ಅದಕ್ಕೆ ಮುಂಚಿನ ಎರಡು ತಿಂಗಳ ಬಿಸಿನೀರೂ ಇರುವಿಕೆಯೇ.

ಅದೇ ಮಹಾವಗ್ಗದಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆ ಬೇಕಾದ ಐದು ಗುಣಗಳನ್ನು ಹೇಳಿದೆ. ನನ್ನ ಮಾತಿನಲ್ಲಿ ಬರೆಯುತ್ತೇನೆ, ಉಳಿಸಿಟ್ಟುಕೊಳ್ಳಿ.

1. ಔಷಧಿಯನ್ನು ಸರಿಯಾಗಿ ಸಿದ್ಧ ಮಾಡಿ ಕೊಡಲು ಬರಬೇಕು.
2. ಯಾವುದು ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂದು ತಿಳಿದಿರಬೇಕು.
3. ಲಾಭದ ಆಸೆಯಿಂದಲ್ಲ, ಮೈತ್ರಿಯಿಂದ ನೋಡಿಕೊಳ್ಳಬೇಕು.
4. ಮಲ, ಮೂತ್ರ, ವಾಂತಿ, ಕಫಕ್ಕೆ ಹೇಸಬಾರದು.
5. ಆಗಾಗ ಧಮ್ಮದ ಮಾತಿನಿಂದ ಮನಸ್ಸಿಗೆ ಧೈರ್ಯ ತುಂಬಬೇಕು.

ಕ್ರಮವನ್ನು ಗಮನಿಸಿ. ಧಮ್ಮದ ಮಾತು ಐದನೆಯದು. ಅದು ಬೇಡ ಎಂದಲ್ಲ. ಅನಾಥಪಿಂಡಿಕ ಮರಣಶಯ್ಯೆಯಲ್ಲಿದ್ದಾಗ ಸಾರಿಪುತ್ತರು ಬಂದು ಆಳವಾದ ಧಮ್ಮವನ್ನೇ ಹೇಳಿದರು. ಆದರೆ ಅವರೂ ಮೊದಲು ಕೇಳಿದ್ದು ನೋವು ಹೇಗಿದೆ ಎಂದು.

ಸತ್ತ ಮೇಲೆ ಏನು ಉಳಿಯುತ್ತದೆ? ಆತ್ಮ ಉಳಿಯುವುದಿಲ್ಲ, ದೇಹದ ಧಾತುಗಳು ಹೊರಗಿನ ಧಾತುಗಳ ರಾಶಿಗೆ ಸೇರುತ್ತವೆ ಎಂದು ಬಾಬಾಸಾಹೇಬರು ಬುದ್ಧರ ವಿಚಾರವನ್ನು ವಿವರಿಸಿದ್ದಾರೆ. ದೀಕ್ಷೆ ಕೊಟ್ಟು ಎರಡು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 6ರಂದು ಅವರೂ ಹೋದರು. ಅವರು ಮಾಡಿದ ಕೆಲಸ ಹೋಯಿತೇ? ನಾನು ಕೈಯಲ್ಲಿ ಚಾಕ್‌ಪೀಸ್ ಹಿಡಿದಿರುವುದೇ ಅದಕ್ಕೆ ಉತ್ತರ. ಅಪ್ಪನ ದಿನ ಬಂದಾಗ ನಮ್ಮ ಬೀದಿಯ ಮಕ್ಕಳು ರೂಲು ಹಾಕಿದ ನೋಟ್‌ಬುಕ್ಕಿನಲ್ಲಿ ಹೆಸರು ಬರೆದುಕೊಳ್ಳುತ್ತಾರೆ. ಚರಂಡಿ ಎತ್ತಿದ ಕೈಗಳ ಕಮ್ಮ ಅಲ್ಲಿ ಮುಂದುವರಿಯುತ್ತಿದೆ ಎಂದು ನಾನು ತಿಳಿದಿದ್ದೇನೆ.

*ಇಂದಿನ ಅಭ್ಯಾಸ:* ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಹಾಸಿಗೆ ಹಿಡಿದವರು ಒಬ್ಬರು ಇದ್ದೇ ಇರುತ್ತಾರೆ. ಇಂದು ಅರ್ಧ ಗಂಟೆ ಅವರ ಬಳಿ ಕೂತುಕೊಳ್ಳಿ. ಫೋನು ಹೊರಗಿಡಿ. ಉಪದೇಶ ಬೇಡ. ನೀರು ಬೇಕೇ, ಮಗ್ಗುಲು ಬದಲಿಸಬೇಕೇ ಎಂದು ಕೇಳಿ. ಮನಸ್ಸಿನಲ್ಲಿ ಏನಾದರೂ ಚಿಂತೆ ಇದೆಯೇ ಎಂದು ಕೇಳಿ. ನಿಮ್ಮಿಂದ ಆಗುವುದಕ್ಕೆ ಮಾತು ಕೊಡಿ, ಆಗದಿದ್ದರೆ ಸುಮ್ಮನೆ ಕೈ ಹಿಡಿದುಕೊಳ್ಳಿ. ರಾತ್ರಿ ತ್ರಿಸರಣ, ಪಂಚಶೀಲ ಹೇಳಿದ ಮೇಲೆ ಆ ಅರ್ಧ ಗಂಟೆಯನ್ನು ಒಮ್ಮೆ ನೆನೆಯಿರಿ.

ಭಾನುವಾರ ಪ್ರಶ್ನೆ ಕೇಳಿದ ಅಕ್ಕನ ಮನೆಗೆ ಈ ವಾರ ಸರದಿಯ ಮೇಲೆ ದಿನಕ್ಕೊಬ್ಬರು ಹೋಗೋಣ. ಅವರಿಗೂ ಒಂದು ಹೊತ್ತು ನಿದ್ದೆ ಬೇಕು. ಇಂದು ಸಂಜೆ ಶಾಲೆ ಬಿಟ್ಟ ಮೇಲೆ ನಾನು ಹೋಗುತ್ತೇನೆ. ನಾಳೆ ಯಾರು ಹೋಗುತ್ತೀರಿ, ಗ್ರೂಪಿನಲ್ಲಿ ತಿಳಿಸಿ.

ಎಲ್ಲರಿಗೂ ಮಂಗಳವಾಗಲಿ.
ನಮೋ ಬುದ್ಧಾಯ, ಜೈ ಭೀಮ್ 🙏